ಸಭೆ ಎರಡಾದಾಗ ಪ್ರಾರ್ಥನೆ ಬಾರದಿದ್ದರೆ

ಚರ್ಚಿನ ಸಭೆಯಲ್ಲಿ ಒಡಕು ಬಂದಾಗ ಮೊದಲು ಸೊರಗುವುದು ಪ್ರಾರ್ಥನೆ. ಕಣ್ಣು ಮುಚ್ಚಿದರೆ ಕಮಿಟಿಯ ಜಗಳವೇ ನೆನಪಾಗುತ್ತದೆ. ನಿಮ್ಮ ನಂಬಿಕೆ ಸತ್ತಿಲ್ಲ, ಧೈರ್ಯವಾಗಿರಿ. ಸ್ವಂತ ಮಾತು ಬಾರದಿದ್ದರೆ ಬೈಬಲಿನ 55ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಜೊತೆಯಾಗಿ ದೇವಾಲಯಕ್ಕೆ ಹೋಗುತ್ತಿದ್ದ ಗೆಳೆಯನೇ ಕೊಟ್ಟ ನೋವು ಅದರಲ್ಲಿದೆ.

ಒಬ್ಬರಿಂದ ನೋವಾಗಿದ್ದರೆ ಮತ್ತಾಯನ ಸುವಾರ್ತೆ 18:15-17ರಲ್ಲಿ ಯೇಸು ಹೇಳಿದ ಕ್ರಮ ಹಿಡಿಯಿರಿ. ಮೊದಲು ಇಬ್ಬರೇ ಕೂತು ಮಾತಾಡಿ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಆಮೇಲಷ್ಟೇ ಸಭೆಯ ಮುಂದೆ ಇಡಿ. ನಮ್ಮಲ್ಲಿ ಕೆಡುವುದು ಇಲ್ಲೇ: ಮೊದಲ ಮಾತೇ ವಾಟ್ಸ್ಆ್ಯಪ್ ಗುಂಪಿಗೆ ಬೀಳುತ್ತದೆ. ಎಲ್ಲರೆದುರು ಮಾನ ಹೋದವರಿಗೆ ತಪ್ಪು ಒಪ್ಪಿಕೊಳ್ಳುವುದು ಬಹಳ ಕಷ್ಟ. (ಹೊಡೆತ, ಲೈಂಗಿಕ ದೌರ್ಜನ್ಯದಂಥ ವಿಷಯಕ್ಕೆ ಈ ಒಂಟಿ ಭೇಟಿ ಸಲ್ಲದು. ಪೊಲೀಸರಿಗೆ ತಿಳಿಸಿ.)

'ನೀವು ಯಾರ ಕಡೆ?' ಎಂಬ ಪ್ರಶ್ನೆ ಬೈಬಲಿನ ಕಾಲದ ಕೊರಿಂಥ ಊರಿನ ಸಭೆಯಲ್ಲೂ ಇತ್ತು. ಆ ಸಭೆಗೆ ಪತ್ರ ಬರೆದ ಅಪೊಸ್ತಲ ಪೌಲ ತನ್ನ ಹೆಸರಿನ ಪಕ್ಷವನ್ನೂ ಒಪ್ಪಲಿಲ್ಲ. ಮಾರ್ಕನೆಂಬ ಜೊತೆಗಾರನನ್ನು ಪ್ರಯಾಣಕ್ಕೆ ಕರೆದೊಯ್ಯುವ ವಿಷಯದಲ್ಲಿ ಪೌಲನೂ ಅವನ ಸಂಗಡಿಗ ಬಾರ್ನಬನೂ ಬೇರೆಯಾದದ್ದು ನಿಜ. ಆದರೆ ಮುಂದೆ ಅದೇ ಮಾರ್ಕನನ್ನು ಕರೆದುಕೊಂಡು ಬಾ ಎಂದು ತನ್ನ ಶಿಷ್ಯ ತಿಮೊಥೆಯನಿಗೆ ಬರೆದವನೂ ಪೌಲನೇ.

ಹಾಗಾಗಿ ಪಕ್ಷ ಆರಿಸಲು ಅವಸರ ಬೇಡ. ಭಾನುವಾರದ ಆರಾಧನೆ ತಪ್ಪಿಸಬೇಡಿ. ಎದುರು ಗುಂಪಿನ ಒಬ್ಬರ ಹೆಸರು ಹಿಡಿದು ದಿನವೂ ಪ್ರಾರ್ಥಿಸಿ. ಅವರ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಹೋಗಿ ಮಾತಾಡಿಸಿ ಬನ್ನಿ.