ಎರಡು ಪೊಟ್ಟಣ, ಒಂದೇ ಬಾಯಿ

ಶಿರಸಿಯ ಕಡೆಯ ನಮ್ಮ ಮನೆಯಲ್ಲಿ ಊಟ ಮುಗಿದ ಮೇಲೆ ಕವಳದ ಬಟ್ಟಲು ಜಗಲಿಗೆ ಬರುವುದು ನನ್ನ ಬಾಲ್ಯದುದ್ದಕ್ಕೂ ತಪ್ಪದ ಕ್ರಮವಾಗಿತ್ತು. ದೊಡ್ಡಪ್ಪ ವೀಳ್ಯದೆಲೆಯ ತೊಟ್ಟು ಮುರಿದು, ಅದರ ಬೆನ್ನಿಗೆ ಸುಣ್ಣ ಸವರಿ, ಅಡಿಕೆಯ ಹೋಳಿಟ್ಟು, ಕೊನೆಯಲ್ಲಿ ತಂಬಾಕಿನ ಎಸಳಿನಿಂದ ಒಂದು ಚೂರು ಹರಿದು ಸೇರಿಸುತ್ತಿದ್ದರು. ಮೂರು ವರ್ಷಗಳ ಹಿಂದೆ ಅವರಿಗೆ ಸಾರಿನ ಖಾರವನ್ನೂ ತಡೆದುಕೊಳ್ಳಲಾಗದಂತಾಯಿತು. ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡುವಂತೆ ದಂತವೈದ್ಯರು ಹೇಳಿದಾಗ ಎರಡು ಬೆರಳೂ ಸಲೀಸಾಗಿ ಹೋಗಲಿಲ್ಲ. ಕೆನ್ನೆಯ ಒಳಪದರ ಬಿಳಿಚಿ, ನಾರುಗಟ್ಟಿ ಬಿಗಿದುಕೊಂಡಿತ್ತು. ಇದು ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ ಎಂದು ವಿವರಿಸಿದ ವೈದ್ಯರು, ತಂಬಾಕು ಬಿಡುವುದಕ್ಕೆ ನೆರವಾಗಲೆಂದು ನಿಕೋಟಿನ್ ಗಮ್ ಬರೆದುಕೊಟ್ಟರು. ಹೊಗೆರಹಿತ ತಂಬಾಕು ಮತ್ತು ಅದರ ಬದಲಿಗಳನ್ನು ಕಾನೂನು ಹೇಗೆ ನೋಡುತ್ತದೆ ಎಂಬುದನ್ನು ನಾನು ಓದತೊಡಗಿದ್ದು ಅಂದಿನಿಂದ.

ಆ ಗಮ್ಮನ್ನು ಬಳಸುವ ಕ್ರಮದಲ್ಲಿಯೇ ಒಂದು ಪಾಠವಿತ್ತು. ಅದನ್ನು ಬಾಯಿಗೆ ಹಾಕುವ ಕಾಲು ಗಂಟೆ ಮೊದಲಿನಿಂದ ಕಾಫಿಯನ್ನಾಗಲಿ ಹಣ್ಣಿನ ರಸವನ್ನಾಗಲಿ ಕುಡಿಯಬಾರದು. ನಿಧಾನವಾಗಿ ಅಗಿದು, ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿ ಇಟ್ಟುಕೊಳ್ಳಬೇಕು. ಬಾಯಿಯಲ್ಲಿ ಹುಳಿಯ ಅಂಶ ಹೆಚ್ಚಿದ್ದರೆ ನಿಕೋಟಿನ್ ಒಳಪದರವನ್ನು ದಾಟಿ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ, ಕ್ಷಾರ ಹೆಚ್ಚಿದ್ದರೆ ಬೇಗ ಸೇರುತ್ತದೆ. ಕವಳದ ಸುಣ್ಣ ಮಾಡುವ ಕೆಲಸವೂ, ಉತ್ತರ ಕರ್ನಾಟಕದಲ್ಲಿ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಬೆರೆಸಿ ಹೆಬ್ಬೆರಳಿನಿಂದ ತಿಕ್ಕುವವರು ಮಾಡುವ ಕೆಲಸವೂ ಇದೇ. ರಸಾಯನಶಾಸ್ತ್ರದ ಹೆಸರುಗಳು ಹುಟ್ಟುವ ಮೊದಲೇ ನಮ್ಮ ಜನ ಇದನ್ನು ಕೈಯ ಅಭ್ಯಾಸದಿಂದ ಕಂಡುಕೊಂಡಿದ್ದರು. ಗಮ್ಮಿನಲ್ಲಿರುವುದು ಅದೇ ನಿಕೋಟಿನ್, ಆದರೆ ಎಲೆಯಿಲ್ಲ. ನಿಕೋಟಿನ್ ಚಟ ಹಿಡಿಸುತ್ತದೆ. ಕ್ಯಾನ್ಸರ್ ತರುವುದು ಮುಖ್ಯವಾಗಿ ತಂಬಾಕಿನ ಎಲೆಯನ್ನು ಒಣಗಿಸಿ ಹದ ಮಾಡುವಾಗ ಹುಟ್ಟುವ ನೈಟ್ರೋಸಮೈನ್‌ಗಳಂಥ ವಸ್ತುಗಳು. ಕಡಿಮೆ ಹಾನಿಯ ಬದಲಿಯನ್ನು ಕೊಡಬೇಕೆಂಬ ವಾದವೆಲ್ಲ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ, ಮತ್ತು ಆ ವ್ಯತ್ಯಾಸ ನಿಜವಾದದ್ದು.

ಇನ್ನು ನಮ್ಮ ಕಾನೂನು. 2003ರ ತಂಬಾಕು ನಿಯಂತ್ರಣ ಕಾಯ್ದೆ ಗುಟ್ಕಾವನ್ನು ನಿಷೇಧಿಸಲಿಲ್ಲ. ತಂಬಾಕು ಉತ್ಪನ್ನಗಳ ತನ್ನ ಪಟ್ಟಿಯಲ್ಲಿ ಸೇರಿಸಿ, ಅದರ ಜಾಹೀರಾತು ಮತ್ತು ಮಾರಾಟಕ್ಕೆ ಮಿತಿಗಳನ್ನು ಹಾಕಿತು. ನಿಷೇಧದ ದಾರಿ ತೆರೆದದ್ದು ಆಹಾರದ ಕಾನೂನಿನಿಂದ. ಪಾನ್ ಮಸಾಲಾ ಮತ್ತು ಗುಟ್ಕಾ ಆಹಾರ ಪದಾರ್ಥಗಳೇ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತ್ತು. ಯಾವುದೇ ಆಹಾರ ಪದಾರ್ಥದಲ್ಲಿ ತಂಬಾಕು ಅಥವಾ ನಿಕೋಟಿನ್ ಇರಕೂಡದೆಂದು 2011ರ ಆಹಾರ ಸುರಕ್ಷತಾ ನಿಯಮ ವಿಧಿಸಿತು. ಇವೆರಡನ್ನೂ ಜೋಡಿಸಿ 2012ರಲ್ಲಿ ಮಧ್ಯಪ್ರದೇಶವೂ, 2013ರ ಮೇ ತಿಂಗಳ ಕೊನೆಯಲ್ಲಿ ಕರ್ನಾಟಕವೂ ಗುಟ್ಕಾವನ್ನು ನಿಷೇಧಿಸಿದವು. ಆ ಸುದ್ದಿ ಬಂದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಆದರೆ ಅಂಗಡಿಯ ಮುಂದೆ ತೋರಣದಂತೆ ತೂಗುವ ಮಾಲೆಗಳು ಕಡಿಮೆಯಾಗಲಿಲ್ಲ, ಒಂದು ಮಾಲೆಯಿದ್ದಲ್ಲಿ ಎರಡಾದವು. ಒಂದರಲ್ಲಿ ತಂಬಾಕಿಲ್ಲದ ಪಾನ್ ಮಸಾಲಾ, ಇನ್ನೊಂದರಲ್ಲಿ ಬರೀ ಜಗಿಯುವ ತಂಬಾಕು. ಮೊದಲನೆಯದು ಆಹಾರ, ಅದರಲ್ಲಿ ತಂಬಾಕಿಲ್ಲವಾದ್ದರಿಂದ ನಿಯಮ ಮುರಿದಂತಾಗದು. ಎರಡನೆಯದು ಆಹಾರವೇ ಅಲ್ಲ, ಪೊಟ್ಟಣದ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಹಾಕಿದರೆ ಮಾರಬಹುದಾದ ತಂಬಾಕು ಉತ್ಪನ್ನ. ಗಿರಾಕಿ ಎರಡನ್ನೂ ಹರಿದು ಒಟ್ಟಿಗೆ ಬಾಯಿಗೆ ಸುರಿದುಕೊಂಡಾಗ ನಿಷೇಧಿತ ಪದಾರ್ಥ ಅಲ್ಲಿಯೇ ತಯಾರಾಗುತ್ತದೆ. ಈ ಜೋಡಿ ಪೊಟ್ಟಣಗಳ ತಂತ್ರ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2016ರ ಸೆಪ್ಟೆಂಬರಿನಲ್ಲಿ ನಿಷೇಧವನ್ನು ಸರಿಯಾಗಿ ಜಾರಿಗೆ ತರುವಂತೆ ರಾಜ್ಯಗಳಿಗೆ ಸೂಚನೆಯೂ ಬಂತು. ನಮ್ಮ ಬಸ್ ನಿಲ್ದಾಣದ ಎದುರಿನ ಬೀಡಾ ಅಂಗಡಿಗಳಲ್ಲಿ ಆ ಎರಡು ಮಾಲೆಗಳು ಈಗಲೂ ಅಕ್ಕಪಕ್ಕದಲ್ಲೇ ಇವೆ.

ಸಮಸ್ಯೆಯ ಗಾತ್ರವನ್ನೂ ಮರೆಯಬಾರದು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 21.4ರಷ್ಟು ಮಂದಿ ಹೊಗೆರಹಿತ ತಂಬಾಕನ್ನು ಬಳಸುತ್ತಿದ್ದರು. ಸೇದುವವರು ಶೇ 10.7, ಅಂದರೆ ಅದರ ಅರ್ಧದಷ್ಟು.

ಈಗ ಬಿರುಸಾಗಿರುವ ಚರ್ಚೆ ನಿಕೋಟಿನ್ ಪೌಚುಗಳದು. ತಂಬಾಕಿನ ಎಲೆಯಿಲ್ಲದೆ, ನಿಕೋಟಿನ್ ಮತ್ತು ಸುವಾಸನೆಯನ್ನು ತುಂಬಿ ತುಟಿಯ ಒಳಗಿಟ್ಟುಕೊಳ್ಳುವ ಈ ಪುಟ್ಟ ಚೀಲಗಳ ಪರವಾಗಿ ಮಾತನಾಡುವವರು ಸಾಮಾನ್ಯವಾಗಿ ಸ್ವೀಡನ್ನಿನ ಉದಾಹರಣೆ ಕೊಡುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ 1992ರಿಂದ ನಿಷೇಧವಾಗಿರುವ ಸ್ನೂಸ್ ಎಂಬ ತೇವದ ತಂಬಾಕನ್ನು, 1995ರಲ್ಲಿ ಒಕ್ಕೂಟ ಸೇರಿದ ಸ್ವೀಡನ್ ವಿನಾಯಿತಿ ಪಡೆದು ಉಳಿಸಿಕೊಂಡಿತು; ಅಲ್ಲಿನ ಗಂಡಸರಲ್ಲಿ ಸಿಗರೇಟು ಸೇದುವವರೂ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರೂ ಯುರೋಪಿನ ಉಳಿದ ದೇಶಗಳಿಗಿಂತ ಬಹಳ ಕಡಿಮೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಜನವರಿಯಲ್ಲಿ 20 ಬಗೆಯ ನಿಕೋಟಿನ್ ಪೌಚುಗಳ ಮಾರಾಟಕ್ಕೆ ಅನುಮತಿ ಕೊಟ್ಟಿತು. ಭಾರತದಲ್ಲಿ ಇ-ಸಿಗರೇಟನ್ನು 2019ರ ಕಾಯ್ದೆ ಸಂಪೂರ್ಣವಾಗಿ ನಿಷೇಧಿಸಿದೆ, ಕರ್ನಾಟಕ ಅದನ್ನು 2016ರಲ್ಲಿಯೇ ನಿಷೇಧಿಸಿತ್ತು. ಪೌಚಿನಲ್ಲಿ ವಿದ್ಯುತ್ ಉಪಕರಣವಿಲ್ಲದ ಕಾರಣ ಆ ಕಾಯ್ದೆ ಅದಕ್ಕೆ ತಾಗುವುದಿಲ್ಲ. ಎಲೆಯಿಲ್ಲದ ಕಾರಣ 2003ರ ಪಟ್ಟಿಯಲ್ಲಿಯೂ ಅದು ಸಲೀಸಾಗಿ ಕೂರುವುದಿಲ್ಲ. ಸಿಗರೇಟು ಪ್ರತಿ ಬೀದಿಯಲ್ಲೂ ಸಿಗುವಾಗ ಅದಕ್ಕಿಂತ ಕಡಿಮೆ ಹಾನಿಯದನ್ನು ತಡೆಯುವುದು ಯಾವ ನ್ಯಾಯ ಎಂಬ ಪ್ರಶ್ನೆ ಸುಳ್ಳಲ್ಲ, ಅದನ್ನು ಕೇಳುವವರನ್ನೆಲ್ಲ ಕಂಪನಿಗಳ ವಕ್ತಾರರೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಆದರೂ ಸ್ವೀಡನ್ನಿನ ಲೆಕ್ಕವನ್ನು ಇಲ್ಲಿಗೆ ತಂದರೆ ಅದು ತಾಳೆಯಾಗುವುದಿಲ್ಲ, ಏಕೆಂದರೆ ಅಲ್ಲಿನ ಬಾಯಿಯಲ್ಲಿ ಅಡಿಕೆಯಿಲ್ಲ. ಅಲ್ಲಿನವರು ಹೊಗೆಯನ್ನು ಬಿಟ್ಟು ಶಾಖದಲ್ಲಿ ಹದ ಮಾಡಿದ, ನೈಟ್ರೋಸಮೈನ್ ಕಡಿಮೆಯಿರುವ ತಂಬಾಕಿಗೆ ಹೊರಳಿದರು. ನಮ್ಮಲ್ಲಿ ಜಗಿಯುವವರಲ್ಲಿ ಹಲವರಿಗೆ ಬಿಡಬೇಕಾದದ್ದು ಎರಡು. ಅಡಿಕೆಯೊಂದೇ, ತಂಬಾಕಿನ ಸಹಾಯವಿಲ್ಲದೆಯೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ; ದೊಡ್ಡಪ್ಪನ ಕೆನ್ನೆಯನ್ನು ಬಿಗಿದದ್ದೂ ಮುಖ್ಯವಾಗಿ ಅದೇ. ನಿಕೋಟಿನ್ ಗಮ್ ತಂಬಾಕಿನ ಹಂಬಲವನ್ನು ತಣಿಸಬಲ್ಲದು, ಅಡಿಕೆಯದನ್ನಲ್ಲ. ಅವರ ವಿಷಯದಲ್ಲಿ ಹಾಗೆಯೇ ಆಯಿತು. ನಾಲ್ಕು ತಿಂಗಳಲ್ಲಿ ಎಸಳು ಬಿಟ್ಟುಹೋಯಿತು, ಅಡಿಕೆಯ ಹೋಳು ಮಾತ್ರ ಯಾರೂ ಕಾಣದಾಗ ಬಾಯಿಗೆ ಬೀಳುತ್ತಲೇ ಇತ್ತು.

ಇದನ್ನು ಬರೆಯುವುದು ನನಗೆ ಸುಲಭವಲ್ಲ. ನನ್ನ ಓದಿನ ಖರ್ಚು, ಅಕ್ಕನ ಮದುವೆ, ಮನೆಯ ಹಂಚು ಎಲ್ಲವೂ ಎರಡು ಎಕರೆ ಅಡಿಕೆ ತೋಟದಿಂದ ಬಂದವು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಡಿಕೆಯ ಹಾನಿಯ ಸುದ್ದಿ ಬಂದಾಗಲೆಲ್ಲ ಮಲೆನಾಡಿನಲ್ಲೂ ಕರಾವಳಿಯಲ್ಲೂ ಎದ್ದೇಳುವ ಆತಂಕ ನನ್ನ ಮನೆಯ ಆತಂಕವೂ ಹೌದು. ಹಬ್ಬದ ದಿನ ಎಲೆಯೊಂದಿಗೆ ಮೆಲ್ಲುವ ಒಂದು ಹೋಳಿಗೂ, ಬೆಳಗಿನಿಂದ ರಾತ್ರಿಯವರೆಗೆ ಹತ್ತಾರು ಪೊಟ್ಟಣಗಳಿಂದ ಸುರಿದುಕೊಳ್ಳುವ ಅಡಿಕೆ ಪುಡಿಗೂ ಪ್ರಮಾಣದಲ್ಲಿ ಅಪಾರ ಅಂತರವಿದೆ ಎಂಬುದನ್ನು ನಾನು ಮನೆಯಲ್ಲಿ ಹೇಳುತ್ತೇನೆ, ಅದು ಸತ್ಯವೂ ಹೌದು. ಹಾಗೆಂದು ಆ ಪುಡಿ ನಮ್ಮ ತೋಟಗಳಿಂದಲೂ ಹೋಗುತ್ತದೆ ಎಂಬುದನ್ನು ಮುಚ್ಚಿಡಲು ನನ್ನಿಂದಾಗದು.

ಆದ್ದರಿಂದ ನಾನು ಕೇಳುವುದು ಮೊದಲನೆಯದಾಗಿ ಇಷ್ಟು: ಕಾನೂನು ಪೊಟ್ಟಣವನ್ನು ನೋಡುವುದನ್ನು ಬಿಟ್ಟು ಬಾಯಿಯನ್ನು ನೋಡಬೇಕು. ಕರ್ನಾಟಕದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಉತ್ಪನ್ನಗಳನ್ನು ಮಾರುವಂತಿಲ್ಲ. ಒಳ್ಳೆಯ ನಿಯಮವೇ, ಆದರೆ ತಂಬಾಕಿಲ್ಲದ ಪಾನ್ ಮಸಾಲಾಕ್ಕೆ ಅದು ಅನ್ವಯಿಸುವುದಿಲ್ಲ. ಎಂಟನೆಯ ತರಗತಿಯ ಹುಡುಗ ಜೋಡಿಯ ಅರ್ಧವನ್ನು ಈಗಲೂ ಕಾನೂನುಬದ್ಧವಾಗಿ ಕೊಳ್ಳಬಹುದು, ಮತ್ತು ಆ ಅರ್ಧದ ಹೆಸರನ್ನೇ ಹೊತ್ತ ಏಲಕ್ಕಿಯ ಜಾಹೀರಾತಿನಲ್ಲಿ ದೊಡ್ಡ ನಟರು ಅವನನ್ನು ನೋಡಿ ನಗುತ್ತಾರೆ. ವಯಸ್ಸಿನ ಮಿತಿ, ಜಾಹೀರಾತಿನ ನಿಷೇಧ, ತೆರಿಗೆ ಈ ಮೂರೂ ಎರಡು ಪೊಟ್ಟಣಗಳಿಗೂ ಒಂದೇ ಆಗಬೇಕು. ನಿಕೋಟಿನ್ ಪೌಚು ಬರುವುದಾದರೆ ಔಷಧದ ಅಂಗಡಿಯ ಮೂಲಕ, ತಂಬಾಕು ಬಿಡಬೇಕೆಂದಿರುವ ವಯಸ್ಕರಿಗೆ ಮಾತ್ರ ಬರಲಿ. ಪುದೀನ ಮತ್ತು ಮಾವಿನ ರುಚಿಯಲ್ಲಿ ಚಾಕೊಲೇಟಿನ ಪಕ್ಕದಲ್ಲಿ ಕೂರುವುದು ಬೇಡ.

ಬಿಡಲು ಬಯಸುವವರಿಗಾಗಿ ಇರುವ ಸಾಧನಗಳನ್ನಾದರೂ ಹತ್ತಿರ ತರಬೇಕು. ನಿಕೋಟಿನ್ ಬದಲಿ ಚಿಕಿತ್ಸೆ 2022ರಿಂದ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. 2 ಮಿಲಿಗ್ರಾಂ ಗಮ್ ಚೀಟಿಯಿಲ್ಲದೆಯೂ ಸಿಗುತ್ತದೆ, ಆದರೆ ಅದನ್ನು ಅಗಿಯುವ ಕ್ರಮವನ್ನು ಹೇಳಿಕೊಡುವವರು ಸಿಗುವುದಿಲ್ಲ. ಕಾಫಿ ಕುಡಿಯುತ್ತಲೇ ಚೂಯಿಂಗ್ ಗಮ್ಮಿನಂತೆ ಅಗಿದು, ಹೊಟ್ಟೆ ತೊಳಸಿ, ಇದು ಕೆಲಸ ಮಾಡುವುದಿಲ್ಲವೆಂದು ಎಸೆದವರನ್ನು ನಾನೇ ಬಲ್ಲೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ದಾದಿ ಹತ್ತು ನಿಮಿಷ ಕುಳಿತು ಹೇಳಿದರೆ ಸಾಕಾಗುವ ಕೆಲಸವಿದು. 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ ಪ್ರತಿ ತಂಬಾಕು ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ. ಪಾನ್ ಮಸಾಲಾದ ಪೊಟ್ಟಣದ ಮೇಲೂ ಅದು ಇರಬೇಕು.

ಈ ವರ್ಷ ಕೊನೆಕೊಯ್ಲು ಮುಗಿದು ಅಂಗಳದಲ್ಲಿ ಅಡಿಕೆ ಸುಲಿಯುವಾಗ ದೊಡ್ಡಪ್ಪ ಎಲ್ಲರ ಜೊತೆ ಕುಳಿತಿದ್ದರು. ರಾಶಿ ಅವರ ಮೊಣಕಾಲಿನವರೆಗೆ ಬಂದಿತ್ತು. ದೊಡ್ಡಮ್ಮ ಒಂದು ಬಟ್ಟಲಿನಲ್ಲಿ ಲವಂಗ ತಂದು ಅವರ ಪಕ್ಕದಲ್ಲಿಟ್ಟು, ಸಂಜೆಯವರೆಗೂ ಅಲ್ಲಿಂದ ಕದಲಲಿಲ್ಲ.