ಕೆಲಸ ಬಂತು, ಮೈಗೆ ಒಗ್ಗಲಿಲ್ಲ

ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದಾಗ ಸಿಕ್ಕ ಮೊದಲ ಕೆಲಸ, ಫೋನಿನಲ್ಲಿ ಪರ್ಸನಲ್ ಲೋನ್ ಮಾರುವುದು. ಇಂಟರ್‌ವ್ಯೂನಲ್ಲಿ ಮುಖ್ಯವಾಗಿ ಕೇಳಿದ್ದು ಒಂದೇ: "ಸೋಮವಾರದಿಂದ ಬರ್ತೀರಾ?"

ಅಲ್ಲಿ ನಂಬರ್ ನಾವು ಒತ್ತುವ ಹಾಗಿಲ್ಲ. ಡಯಲರ್ ತಾನೇ ಕರೆ ಜೋಡಿಸುತ್ತೆ. ಹೆಡ್‌ಸೆಟ್‌ನಲ್ಲಿ ಸಣ್ಣ ಬೀಪ್ ಕೇಳಿದ ಕೂಡಲೇ ಆ ಕಡೆ ಯಾರೋ "ಹಲೋ" ಅಂದಿರುತ್ತಾರೆ. ಬೈಸಿಕೊಂಡು ಉಸಿರು ಬಿಡುವಷ್ಟರಲ್ಲಿ ಮತ್ತೊಂದು ಬೀಪ್.

ಪಕ್ಕದ ಸೀಟಿನ ಗೆಳತಿಗೆ ಇದೇ ಇಷ್ಟ. ಬೈದವರನ್ನೂ ನಗಿಸಿಬಿಡುತ್ತಿದ್ದಳು. ಸಂಜೆಯಾದರೆ ಅವಳಿಗೆ ಹುರುಪು ಇನ್ನೂ ಜಾಸ್ತಿ. ನನಗೆ ಭಾನುವಾರ ಸಂಜೆಯೇ ಹೊಟ್ಟೆ ತೊಳೆಸೋಕೆ ಶುರುವಾಗುತ್ತಿತ್ತು. ರಾತ್ರಿ ನಿದ್ದೆಯಿಲ್ಲ. "ಮಾತಾಡೋದು ಕಲಿತ್ಕೊಳ್ಳಮ್ಮ, ಸರಿ ಹೋಗುತ್ತೆ" ಎನ್ನುತ್ತಿದ್ದರು ಟೀಮ್ ಲೀಡರ್. ಕಲಿತಿದ್ದೆ. ಟಾರ್ಗೆಟ್ಟೂ ಮುಟ್ಟುತ್ತಿದ್ದೆ. ಅದಕ್ಕೇ ನನ್ನ ಕಷ್ಟ ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ತಿಂಗಳ ಕೊನೆಯ ದಿನ. ಬೀಪ್ ಕೇಳಿತು, ಬಾಯಿಂದ ಮಾತೇ ಹೊರಡಲಿಲ್ಲ. ಆ ಕಡೆಯವರು "ಹಲೋ, ಹಲೋ" ಎಂದು ಇಟ್ಟುಬಿಟ್ಟರು. ಕೈ ನಡುಗುತ್ತಿತ್ತು. ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತು 14416ಕ್ಕೆ ಕರೆ ಮಾಡಿದೆ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಫೋನ್ ತೆಗೆದ ಮೇಡಂ ಬುದ್ಧಿ ಹೇಳಲಿಲ್ಲ. ನಿದ್ದೆ, ಊಟ ವಿಚಾರಿಸಿದರು. ಬದುಕೋದೇ ಬೇಡ ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದರು. ಹಾಗೆ ಯಾರಾದರೂ ಕೇಳಲಿ ಅಂತಲೇ ಕಾಯುತ್ತಿದ್ದೆನೋ ಏನೋ, ಅಳು ಬಂತು. ಡಾಕ್ಟರ್ ಹತ್ತಿರ ಹೋಗಲು ಹೇಳಿದರು. ಆಮೇಲೆ, "ಈ ಕೆಲಸದಲ್ಲಿ ಹೊತ್ತು ಹೋಗಿದ್ದೇ ಗೊತ್ತಾಗಲ್ಲ ಅನ್ನೋದು ಏನಾದ್ರೂ ಇದೆಯಾ?" ಎಂದರು. ಇತ್ತು! ಅರ್ಜಿ ತಾಳೆ ನೋಡುವುದು. ಪಾನ್ ಕಾರ್ಡಿನಲ್ಲಿ ಒಂದು ಇನಿಶಿಯಲ್, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಮೊದಲು ಹಿಡಿಯುತ್ತಿದ್ದವಳು ನಾನೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಯಾರಿಗೆ ಯಾವ ಕೆಲಸ ಒಗ್ಗುತ್ತೆ ಅನ್ನೋದರ ಬಗ್ಗೆ 1959ರಲ್ಲೇ ಬರೆದಿದ್ದರು ಅಂತ ಆಮೇಲೆ ಓದಿದೆ. ಜನರ ಒಲವನ್ನು ಅವರು ಆರು ಬಗೆ ಮಾಡುತ್ತಾರೆ. ಮಾತಲ್ಲೇ ಒಪ್ಪಿಸುವ ಒಲವು ಒಂದು, ಲೆಕ್ಕಪತ್ರ ಅಚ್ಚುಕಟ್ಟಾಗಿ ಇಡುವ ಒಲವು ಇನ್ನೊಂದು. ಗೆಳತಿ ಅಲ್ಲಿ, ನಾನು ಇಲ್ಲಿ. ಇದರಲ್ಲಿ ಮೇಲು ಕೀಳು ಏನಿದೆ? ಸಾಲ ಮಾರುವವರೂ ಬೇಕು, ಕಾಗದ ನೋಡುವವರೂ ಬೇಕು. ಸೀಟು ಕೊಡುವ ಮುಂಚೆ ಯಾರೂ ಕೇಳುವುದಿಲ್ಲ ಅನ್ನೋದೇ ನನ್ನ ಸಿಟ್ಟು. ಸೋತು ಹೋಗುವ ಹುಡುಗರಿಗೆ ಸೋಮಾರಿ ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತು.

ಬೆನ್ನು ಹತ್ತಿ ಕೇಳಿದ್ದಕ್ಕೆ ದಾಖಲೆ ಪರಿಶೀಲನೆ ವಿಭಾಗಕ್ಕೆ ಹಾಕಿದರು. ಅದೇ ಕಟ್ಟಡ, ಅದೇ ಸಂಬಳ. ನಿದ್ದೆ ಒಂದೇ ದಿನಕ್ಕೆ ವಾಪಸ್ ಬರಲಿಲ್ಲ, ಡಾಕ್ಟರ್ ಕೊಟ್ಟ ಮಾತ್ರೆ ಕೆಲವು ತಿಂಗಳು ನಡೀತು. ಊರಿಗೆ ಹೋದಾಗ ಅಮ್ಮನಿಗೆ ಎಲ್ಲ ಹೇಳಿದೆ.

"ಸಂಬಳ ಏನೂ ಕಮ್ಮಿ ಆಗಿಲ್ಲ ತಾನೆ?"

"ಇಲ್ಲಮ್ಮ."

"ಮತ್ತೆ ಇಷ್ಟು ದಿನ ಅಲ್ಲಿ ಯಾಕೆ ಕೂರಿಸಿದ್ರು ನಿನ್ನ?"