ಕುರ್ಚಿಯಿಂದ ಕುರ್ಚಿಗೆ ಸೇತುವೆ: ನಾಲ್ಕು ವಾರಗಳ ಟಿಪ್ಪಣಿ

ಮೊದಲ ವಾರ

ಐದು ಮಕ್ಕಳು, ನಾಲ್ಕರಿಂದ ಆರು ವರ್ಷದೊಳಗಿನವರು. ವಾರಕ್ಕೊಂದು ಬೆಳಿಗ್ಗೆ, ಸುಮಾರು ಒಂದೂವರೆ ಗಂಟೆ. ಅರವತ್ತು ಸೆಂಟಿಮೀಟರ್ ದೂರದಲ್ಲಿಟ್ಟ ಎರಡು ಕುರ್ಚಿಗಳ ನಡುವೆ ಆಟಿಕೆ ಲಾರಿ ಹಾಯುವಂಥ ಸೇತುವೆ ಕಟ್ಟಬೇಕು. ಮರದ ಬ್ಲಾಕುಗಳನ್ನು ನೆಲಕ್ಕೆ ಸುರಿದೆ. ಹತ್ತು ನಿಮಿಷದಲ್ಲಿ ಐದು ಗೋಪುರಗಳು ಎದ್ದವು, ಸೇತುವೆ ಮಾತ್ರ ಇಲ್ಲ. ಪಕ್ಕಪಕ್ಕದಲ್ಲೇ ಕುಳಿತು ತಮ್ಮ ತಮ್ಮ ಲೋಕದಲ್ಲಿ ಮುಳುಗಿದ್ದರು. ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞೆ ಮಿಲ್ಡ್ರೆಡ್ ಪಾರ್ಟೆನ್ 1932ರಲ್ಲಿ ಇದಕ್ಕೆ ಸಮಾಂತರ ಆಟ ಎಂದು ಹೆಸರಿಟ್ಟರು. ಹೆಸರು ಗೊತ್ತಿದ್ದರೂ ನನ್ನ ಅಸಹನೆಯೇನೂ ಕಡಿಮೆಯಾಗಲಿಲ್ಲ.

ಎರಡನೆಯ ವಾರ

ಜಗಳದ ವಾರ. ಉದ್ದದ ಬ್ಲಾಕುಗಳು ಆರೇ ಇದ್ದವು, ಎಲ್ಲರಿಗೂ ಅವೇ ಬೇಕು. ಇವು ಅಮೆರಿಕದ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ರೂಪಿಸಿದ ಮಾದರಿಯವು. ಮೂಲ ಬ್ಲಾಕಿನ ದಪ್ಪ, ಅಗಲ, ಉದ್ದ 1:2:4ರ ಲೆಕ್ಕದಲ್ಲಿರುತ್ತವೆ. ಕೂಗಾಟ ಜೋರಾಗಿರುವಾಗ ನಾಲ್ಕು ವರ್ಷದವಳು ಎರಡು ಗಿಡ್ಡ ಬ್ಲಾಕುಗಳನ್ನು ತುದಿಗೆ ತುದಿ ತಾಗಿಸಿ ಉದ್ದದ ಬ್ಲಾಕಿನ ಪಕ್ಕ ಇಟ್ಟಳು. ಕೊನೆಯಲ್ಲಿ ಬೆರಳಾಡಿಸಿ ಹೆಚ್ಚುಕಡಿಮೆ ಇದೆಯೇ ಎಂದು ನೋಡಿದಳು. ಇರಲಿಲ್ಲ. ‘ಇವೆರಡು ತಗೋ, ಅದು ಕೊಡು’ ಎಂದಳು. ಅರ್ಧ, ಕಾಲು ಎಂದು ಪಾಠ ಶುರುಮಾಡಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡೆ.

ಮೂರನೆಯ ವಾರ

ಸೇತುವೆಯ ಹಾಸು, ಅಂದರೆ ಲಾರಿ ಓಡುವ ಮೇಲ್ಮೈ, ಮಾಡಲು ರಟ್ಟಿನ ಪೆಟ್ಟಿಗೆ ಕತ್ತರಿಸಿಕೊಟ್ಟೆ. ಒಂದೇ ಪೆಟ್ಟಿಗೆಯ ಎರಡು ತುಂಡು, ಒಂದೇ ಅಳತೆ. ಒಂದು ಲಾರಿಯನ್ನು ಹೊತ್ತಿತು, ಇನ್ನೊಂದು ನಡುವೆ ಮಡಚಿಕೊಂಡಿತು. ಆರು ವರ್ಷದವನು ಎರಡನ್ನೂ ಕಣ್ಣಿನ ಹತ್ತಿರ ಹಿಡಿದು ಅಂಚನ್ನು ನೋಡಿದ. ‘ಇದರೊಳಗೆ ಸಣ್ಣ ಸಣ್ಣ ಕೊಳವೆಗಳಿವೆ!’ ರಟ್ಟಿನ ಒಳಪದರದ ನಿರಿಗೆಗಳು ಕುರ್ಚಿಯಿಂದ ಕುರ್ಚಿಗೆ ಸಾಗಿದರೆ ಹಾಸು ಬಿಗಿಯಾಗಿ ನಿಲ್ಲುತ್ತದೆ, ಅಡ್ಡಡ್ಡವಾಗಿದ್ದರೆ ಅದೇ ಗೆರೆಗುಂಟ ಮಡಿಕೆ ಬೀಳುತ್ತದೆ. ಆಮೇಲೆ ಕತ್ತರಿ ಹಾಕುವ ಮೊದಲು ಅಂಚು ನೋಡುವುದೇ ಅವರ ನಿಯಮವಾಯಿತು.

ಒಟ್ಟಿಗೆ ಕಟ್ಟುವುದು ಶುರುವಾದದ್ದೂ ಈ ವಾರವೇ. ಕಾರಣ ನನ್ನ ಉಪದೇಶವಲ್ಲ, ಟೇಪು. ಹಾಸನ್ನು ಒಬ್ಬರು ಎತ್ತಿ ಹಿಡಿಯದೆ ಇನ್ನೊಬ್ಬರು ಅಂಟಿಸುವಂತಿಲ್ಲ. ‘ಬಿಡಬೇಡ, ಬಿಡಬೇಡ... ಈಗ ಬಿಡು’ ಎಂಬ ಮಾತು ಆ ಬೆಳಿಗ್ಗೆ ಎಷ್ಟು ಸಲ ಕೇಳಿಸಿತೋ! ಬ್ಲಾಕು ಒಂದೇ ಕೈಗೆ ಒಗ್ಗುತ್ತದೆ. ರಟ್ಟಿಗೆ ನಾಲ್ಕು ಕೈ ಬೇಕು. ಮೊದಲ ವಾರ ಕೊಟ್ಟ ಸಾಮಾನೇ ತಪ್ಪು ಎಂದು ನನಗೆ ಹೊಳೆದದ್ದು ಆಗ.

ಒಂದು ತಪ್ಪೊಪ್ಪಿಗೆ: ಅವರು ಹೋದ ಮೇಲೆ ಹಾಸಿನ ಕೆಳಗೆ ಗುಟ್ಟಾಗಿ ಒಂದು ಮರದ ಅಳತೆಪಟ್ಟಿ ಅಂಟಿಸಿದೆ.

ನಾಲ್ಕನೆಯ ವಾರ

ಬಂದ ಎರಡೇ ನಿಮಿಷಕ್ಕೆ ಸಿಕ್ಕಿಬಿದ್ದೆ. ‘ಇದು ನಾವು ಹಾಕಿದ್ದಲ್ಲ’ ಎಂದು ಕಿತ್ತು ನನ್ನ ಕೈಗಿತ್ತರು. ಹಾಸು ಮತ್ತೆ ತುಸು ಬಾಗಿತು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಇಕ್ಕೆಲಗಳಿಗೆ ಹಳೆಯ ಪತ್ರಿಕೆ ಸುರುಳಿ ಸುತ್ತಿ ಚೌಕಟ್ಟು ಮಾಡಿದೆವು. ನಾಲ್ಕು ಮೂಲೆಗೂ ಹುರಿ ಕಟ್ಟಿದರೂ ಚೌಕ ಒಂದು ಕಡೆಗೆ ವಾಲುತ್ತಿತ್ತು. ಮೂಲೆಯಿಂದ ಮೂಲೆಗೆ ಒಂದು ಓರೆ ಸುರುಳಿ ಕಟ್ಟಿದೊಡನೆ ನಿಂತಿತು. ತ್ರಿಕೋನದ ಮೂರು ಬದಿಗಳ ಉದ್ದ ಬದಲಾಗದ ಹೊರತು ಅದರ ಆಕಾರ ಬದಲಾಗದು. ಚೌಕಕ್ಕೆ ಆ ಭಾಗ್ಯವಿಲ್ಲ. ಹೇಳಿಕೊಟ್ಟವರು ಯಾರೂ ಅಲ್ಲ, ಚೌಕ ಬೀಳದಂತೆ ಒಬ್ಬಳು ಓರೆಯಾಗಿ ಹಿಡಿದಿದ್ದ ಸುರುಳಿ. ಕೈ ಸೋತಾಗ ‘ನನ್ನ ಬದಲು ಇದನ್ನೇ ಕಟ್ಟಿಬಿಡಿ’ ಎಂದಳು.

ಲಾರಿ ಎರಡು ಬ್ಲಾಕು ಹೊತ್ತು ದಾಟಿತು. ಮೂರು ಹೊತ್ತಾಗ ಹಾಸು ಕುಸಿಯಿತು, ಚಪ್ಪಾಳೆಯೂ ಆಗಲೇ ಹೆಚ್ಚು. ಮುಂದಿನ ವಾರ ಕೆಳಗೆ ಹಡಗು ಬರುತ್ತದಂತೆ, ಸೇತುವೆ ನಡುವೆ ತೆರೆದುಕೊಳ್ಳಬೇಕಂತೆ. ಇನ್ನಷ್ಟು ಹುರಿ ಬೇಕು. ಅಳತೆಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.